ಯಾರೂ ಹಾಕದ ಬೆಲ್ಲ

ನಾನು ಬೆಲ್ಲ ಹಾಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶಂಕ್ರಮ್ಮನೇ ಸೊಸೆಯ ಅಂಬಲಿಯಲ್ಲಿ ಬೆಲ್ಲ ಕದಡಿದಳು ಎಂದು ಊರಿನ ಅರ್ಧ ಜನ ಇವತ್ತಿಗೂ ನಂಬಿ ಕೂತಿದ್ದಾರೆ. ಕೂರಲಿ. ಒಬ್ಬೊಬ್ಬರ ಮನೆಗೆ ಹೋಗಿ ಆಣೆ ಮಾಡಿ ಬರಲು ನನಗೆ ಬೇರೆ ಕೆಲಸವಿಲ್ಲವೇ?

ನಾನು ಬೆಲ್ಲದ ಹುಚ್ಚಿ ಎನ್ನುವುದೇನೋ ನಿಜ. ರೊಟ್ಟಿಗೆ ಬೆಲ್ಲ, ನೀರಿಗೆ ಬೆಲ್ಲ, ಬಾಯಿ ಖಾಲಿ ಇದ್ದರೂ ಬೆಲ್ಲ. ಕುರಿ ಕಾಯಲು ಹೋಗುವಾಗ ಸೆರಗಿನ ತುದಿಯಲ್ಲಿ ಒಂದು ಚೂರು ಕಟ್ಟಿಕೊಂಡೇ ಹೋಗುತ್ತಿದ್ದೆ. ಅಂಗಡಿಯ ಹಂಪಣ್ಣ ಸಾವ್ಕಾರ ನನ್ನನ್ನು ದೂರದಲ್ಲಿ ಕಂಡರೇ ಸಾಕು, ಬೆಲ್ಲದ ಪೆಂಟೆ ಒಡೆಯಲು ಶುರು ಮಾಡುತ್ತಿದ್ದ. ಹೀಗಾಗಿ ಗುಮಾನಿ ನನ್ನ ಮೇಲೇ ಬಂತು.

ಆ ವರ್ಷ ಎಲ್ಲವೂ ಕಲಸುಮೇಲೋಗರ. ನಿಜಾಮರ ಸರ್ಕಾರ ಹೋಗಿ ಇನ್ನೊಂದು ಬಂದು ವರ್ಷವಾಗುತ್ತ ಬಂದಿತ್ತು. ಶಹಾಪುರದ ಕಚೇರಿಯ ಮೇಲೆ ಬಾವುಟ ಬದಲಾಗಿತ್ತು, ಒಳಗೆ ಕೂತ ಗುಮಾಸ್ತ ಮಾತ್ರ ಅವನೇ. ಶಾಲೆಯಲ್ಲಿ ಉರ್ದು ಬಿಡಿಸಿ ಕನ್ನಡ ಕಲಿಸಲು ಧಾರವಾಡದ ಕಡೆಯಿಂದ ಒಬ್ಬ ಮಾಸ್ತರು ಬಂದಿದ್ದರು. ಅವರ ಮಾತು ಕನ್ನಡವೇ ಅಂತೆ, ಆದರೂ ನಮಗೆ ಅರ್ಧ ತಿಳಿಯುತ್ತಿರಲಿಲ್ಲ.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ, ರಜಾಕಾರರ ಗಲಾಟೆ ಜೋರಾಗಿದ್ದಾಗ, ನನ್ನ ಒಬ್ಬನೇ ಮಗ ಅಂಬಣ್ಣ ಕುರಿ ಹಿಂಡು ಹೊಡೆದುಕೊಂಡು ಗಡಿ ದಾಟಲು ಹೊರಟ. ಸುರಪುರದ ಮೇಲೆ ಹಾದು ತಾಳಿಕೋಟಿ ಸೇರುತ್ತೇನೆ, ಮಳೆ ಹಿಡಿಯುವಷ್ಟರಲ್ಲಿ ವಾಪಸು ಬರುತ್ತೇನೆ ಎಂದ. ಹೋಗುವ ಮೊದಲು ವರ್ಷದ ಖರ್ಚಿಗೆ ಬೇಕಾದಷ್ಟು ಮನೆಯಲ್ಲಿಟ್ಟು, ಉಳಿದ ಜೋಳವನ್ನೆಲ್ಲ ಎರಡು ಹಗೇವಿಗೆ ತುಂಬಿದ. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಒಂದು ಅಂಗಳದ ಮೂಲೆಯಲ್ಲಿ, ಮೇವಿನ ಬಣವೆಯ ಕೆಳಗೆ. ಇನ್ನೊಂದು ಕುರಿದೊಡ್ಡಿಯ ಚಪ್ಪರದ ಕೆಳಗೆ. ಎರಡರ ಬಾಯಿಗೂ ಕಲ್ಲು ಮುಚ್ಚಿ, ಸೆಗಣಿ ಮಣ್ಣು ಮೆತ್ತಿ, ಹಸಿ ಇರುವಾಗಲೇ ಮೇಲೆ ತನ್ನ ಬಲಗೈ ಒತ್ತಿದ. ಕಳ್ಳರು ತೆಗೆದರೆ ಗೊತ್ತಾಗಬೇಕಲ್ಲ. ಅವನ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ, ಹಾಗಾಗಿ ಆ ಗುರುತು ಬೇರೆ ಯಾರಿಂದಲೂ ಮಾಡಲಾಗದು.

ಹೊರಡುವ ಮುಂಜಾನೆ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ತಾಳಿಕೋಟಿ ಸಂತ್ಯಾಗ ಬತ್ತಾಸ ತರ್ತೀನಿ. ನನ್ನ ಕೈಲೆ ನಿನ್ನ ಬಾಯಿ ಸೀ ಮಾಡ್ತೀನಿ."

ಮಳೆ ಬಂತು, ಹೋಯಿತು. ಸರ್ಕಾರವೂ ಹೋಯಿತು. ಗಡಿ ದಾಟಿದವರೆಲ್ಲ ಮೂಟೆ ಹೊತ್ತು ತಿರುಗಿ ಬಂದರು. ನನ್ನ ಮಗ ಬರಲಿಲ್ಲ. ಸುರಪುರದ ಬಾವಿಯ ಹತ್ತಿರ ನೀರು ಕುಡಿಸುತ್ತಿದ್ದುದನ್ನು ಕಂಡೆ ಎಂದ ಒಬ್ಬ. ಸುರಪುರಕ್ಕೆ ಅವನು ಮುಟ್ಟಲೇ ಇಲ್ಲ ಎಂದ ಇನ್ನೊಬ್ಬ. ಸೊಲ್ಲಾಪುರದ ಗಿರಣಿಯಲ್ಲಿ ಇದ್ದಾನೆ ಎಂದ ಮತ್ತೊಬ್ಬ, ಆದರೆ ಅವನು ಹೇಳಿದ ಅಂಬಣ್ಣನಿಗೆ ಗಡ್ಡವಿತ್ತಂತೆ, ಎತ್ತರವಾಗಿದ್ದನಂತೆ. ನನ್ನ ಮಗ ಗಿಡ್ಡ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಸೊಸೆ ಮಲಕಮ್ಮ ಯಾರನ್ನೂ ಕೇಳಲಿಲ್ಲ. ಬೀರಪ್ಪನ ಗುಡಿಗೆ ಹೋಗಿ ಭಂಡಾರದ ಅರಿಸಿನ ಮುಟ್ಟಿ ಹರಕೆ ಹೊತ್ತು ಬಂದಳು. "ಅವ ತನ್ನ ಕೈಲೆ ನನ್ನ ಬಾಯಿ ಸೀ ಮಾಡೂತನಕ ನಾ ಸೀ ಮುಟ್ಟಂಗಿಲ್ಲ," ಎಂದಳು. ನಮ್ಮ ಕಡೆ ಸಿಹಿಗೆ ಸೀ ಎನ್ನುತ್ತೇವೆ. ಸೀ ಎಂದರೆ ಬೆಲ್ಲವೋ, ಸಕ್ಕರೆಯೋ, ಹಣ್ಣೋ, ಆಗ ಯಾರೂ ಬಿಡಿಸಿ ಕೇಳಲಿಲ್ಲ. ಹರಕೆ ತಪ್ಪಿದರೆ ಗಂಡ ಬರುವುದಿಲ್ಲ ಎಂಬುದು ಮಾತ್ರ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನನಗೆ ಸಿಟ್ಟು ಬಂತು. ಎದುರಿಗೆ ಸೊಸೆ ಬರೀ ರೊಟ್ಟಿ ಮುರಿಯುತ್ತಿದ್ದರೆ ಅತ್ತೆ ಬೆಲ್ಲ ಕಡಿಯುವುದು ಚೆಂದವೇ? ಆದರೂ ಕಡಿದೆ, ಹಟಕ್ಕೆ ಬಿದ್ದು ಕಡಿದೆ. ಬರುವವನಿಗೆ ಹರಕೆ ಯಾಕೆ ಎನ್ನುವುದು ನನ್ನ ವಾದ. ಹರಕೆ ಹೊತ್ತರೆ ಅವನು ಬರುವುದು ಅನುಮಾನ ಎಂದು ಒಪ್ಪಿಕೊಂಡಂತೆ. ನಾನು ಒಪ್ಪಲಿಲ್ಲ. ಹಂಪಣ್ಣನ ಅಂಗಡಿಯಿಂದ ಮೊದಲಿಗಿಂತ ಹೆಚ್ಚು ಬೆಲ್ಲ ತಂದೆ.

ಹೀಗಿರುವಾಗ ಶ್ರಾವಣದಲ್ಲಿ ಮಲಕಮ್ಮನ ಅಣ್ಣ ದೇವಿಂದ್ರ ಹತ್ತಿಕುಣಿಯಿಂದ ಬಂದ. ಮನೆಯಲ್ಲಿ ಕಾಳು ಮುಗಿದಿತ್ತು, ಅಂಗಳದ ಹಗೇವು ತೆಗೆಯಲು ಗಂಡಸಿನ ಕೈ ಬೇಕಿತ್ತು. ಆದರೆ ಅವನು ಬಂದದ್ದು ಬರೀ ಅದಕ್ಕಲ್ಲ. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಬಾಯಿ ಬಿಟ್ಟ.

"ಅತ್ತಿ, ಆಕಿ ಇನ್ನಾ ಸಣ್ಣಾಕಿ ಅದಾಳ್ರಿ. ನಮ್ಮೂರಾಗ ಒಬ್ಬ ಅದಾನ, ಕುರಿ ಅದಾವ, ಹೊಲ ಅದ, ಕುಡಿಯಂಗಿಲ್ಲ. ನೀವು ಹೂಂ ಅಂದ್ರ ಉಡಕಿ ಮಾಡಿಕೊಡ್ತೀನ್ರಿ."

ಉಡಕಿ ಎಂದರೆ ಗಂಡನಿಲ್ಲದ ಹೆಣ್ಣಿಗೆ ನಮ್ಮಲ್ಲಿ ಮಾಡುವ ಎರಡನೇ ಮದುವೆ. ಗಂಡನಿಲ್ಲದ ಎಂಬ ಮಾತನ್ನು ಅವನು ಆಡಲಿಲ್ಲ, ನಾನೂ ಆಡಲಿಲ್ಲ.

"ಆಕಿ ಒಪ್ಪಿದ್ರ ಕರಕೊಂಡು ಹೋಗಪ್ಪ. ನಂದೇನೂ ಅಡ್ಡಿಲ್ಲ," ಎಂದೆ.

ನನಗೆ ಮಗ ಬರುತ್ತಾನೆ ಎಂದೂ ಅನಿಸುತ್ತಿತ್ತು, ಇವಳು ಇಲ್ಲಿ ಒಣಗುವುದು ಬೇಡ, ಹೋಗಲಿ ಎಂದೂ ಅನಿಸುತ್ತಿತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಇರುತ್ತವೆ ಎಂದು ನನ್ನನ್ನು ಕೇಳಬೇಡಿ. ಇದ್ದವು.

ಮಲಕಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಅಣ್ಣನ ಮುಂದೆ ನೀರಿನ ತಂಬಿಗೆ ಇಟ್ಟಳು. "ಹರಕಿ ತೀರೂತನಕ ನಾ ಈ ಮನಿ ಬಿಟ್ಟು ಬರಂಗಿಲ್ಲಣ್ಣ," ಎಂದಳು. ಅಷ್ಟೇ. ದೇವಿಂದ್ರ ನೀರು ಕುಡಿದು ಹಾರೆ ಎತ್ತಿಕೊಂಡ.

ಬಣವೆ ಸರಿಸಿ ನೋಡಿದರೆ ಹಗೇವಿನ ಬಾಯಿ ಒಂದು ಬದಿಗೆ ಮಳೆ ನೀರು ನುಗ್ಗಿ ಕರಗಿತ್ತು. ಇನ್ನೊಂದು ಬದಿಯಲ್ಲಿ, ಹೆಬ್ಬೆರಳೊಂದು ಬಿಟ್ಟರೆ, ಅಂಬಣ್ಣನ ಕೈ ಹಾಗೇ ಇತ್ತು, ಸೊಟ್ಟ ಕಿರುಬೆರಳು ಸಮೇತ. ಮಲಕಮ್ಮ ಬಗ್ಗಿ ಅದರ ಮೇಲೆ ತನ್ನ ಅಂಗೈ ಇಟ್ಟಳು. "ಇಷ್ಟು ಬಿಟ್ಟು ಕಡೀಕ ಮೀಟಣ್ಣ," ಎಂದಳು. ಅವನು ಬದಿಯಲ್ಲೇ ಮೀಟಿದ, ಆದರೆ ನೆನೆದ ಮಣ್ಣು ಹೇಳಿದ ಹಾಗೆ ಕೇಳುತ್ತದೆಯೇ? ಗುರುತು ನಾಲ್ಕು ಹೆಂಟೆಯಾಗಿ ಒಡೆಯಿತು. ಅವಳು ಹೆಂಟೆಗಳನ್ನು ಸೆರಗಿನಲ್ಲಿ ಆಯ್ದುಕೊಂಡು ಒಳಗೆ ಒಯ್ದಳು.

ಒಳಗಿನ ಬಿಸಿ ಉಸಿರು ಹೋಗುವವರೆಗೆ ಬಾಯಿ ತೆರೆದಿಟ್ಟೆವು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರಲಿಲ್ಲ ಎಂದು ನೋಡಿದ ಮೇಲೆ ದೇವಿಂದ್ರ ಇಳಿದ. ತಳದ ಕಾಳು ಚೆನ್ನಾಗಿತ್ತು. ಮೇಲಿನದು, ಗೋಡೆಗೆ ಹತ್ತಿದ್ದು, ನೀರು ಕುಡಿದು ಮೊಳಕೆ ಒಡೆದಿತ್ತು. ಬಿಳಿ ಬಿಳಿ ಮೊಳಕೆ ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ಹಾಗೆ ಎದ್ದು ಬಂತು.

ಕಾಳು ಚೆಲ್ಲುವ ಮನೆ ನಮ್ಮದಲ್ಲ. ಬಿಸಿಲು ಬಿದ್ದಾಗಲೆಲ್ಲ ಮಾಳಿಗೆಯ ಮೇಲೆ ಹರವಿ ಒಣಗಿಸಿದೆವು. ಒಣಗಿದ ಮೊಳಕೆಯನ್ನು ಕೈಯಿಂದ ತಿಕ್ಕಿ ಉದುರಿಸಿ, ಮೊರದಲ್ಲಿ ಕೇರಿ, ಬೀಸಿದೆವು. ಆ ಹಿಟ್ಟು ನೋಡಲು ಹಿಟ್ಟೇ, ನಡತೆ ಮಾತ್ರ ಬೇರೆ. ಮಲಕಮ್ಮ ರೊಟ್ಟಿ ಬಡಿಯಲು ಹೋದರೆ ಅಂಗೈಗೆ ಮೆತ್ತಿಕೊಂಡಿತು, ಹಂಚಿನ ಮೇಲೆ ಹಾಕಿದರೆ ಹರಿಯಿತು. ಊರಲ್ಲೇ ಒಳ್ಳೆಯ ರೊಟ್ಟಿ ಮಾಡುವವಳು ಎಂದು ಹೆಸರಾದ ಹುಡುಗಿ ಬೆವರು ಒರೆಸಿಕೊಂಡು ಕೂತಳು. ಕೊನೆಗೆ ಬಿಸಿ ನೀರಿಗೆ ಹಿಟ್ಟು ಕಲಸಿ, ಗಟ್ಟಿ ಅಂಬಲಿ ಮಾಡಿ, ಉಪ್ಪು ಹಾಕಿ, ಆರುತ್ತಿದ್ದ ಒಲೆಯ ಬಾಜೂಕೆ ಗಡಿಗೆ ಇಟ್ಟು ನೀರಿಗೆ ಹೋದಳು.

ತಿರುಗಿ ಬಂದು ನೋಡಿದರೆ ಗಟ್ಟಿ ಇದ್ದದ್ದು ತೆಳ್ಳಗಾಗಿತ್ತು. ಒಂದು ಕುದಿ ಬರಿಸಿ, ಬಟ್ಟಲಿಗೆ ಹೊಯ್ದುಕೊಂಡು ಒಂದು ಗುಟುಕು ಕುಡಿದಳು. ಕುಡಿದವಳೇ ಎದ್ದು ಬಾಗಿಲಿಗೆ ಓಡಿ ಉಗುಳಿದಳು. ನಾನು ಜಿರಲೆಯೋ ಏನೋ ಬಿದ್ದಿರಬೇಕು ಎಂದುಕೊಂಡೆ.

"ಅತ್ತಿ, ಹಿಂಗ್ಯಾಕ ಮಾಡಿದಿ?"

"ಏನು ಮಾಡೀನವ್ವ?"

"ಬೆಲ್ಲ ಹಾಕೀದಿ. ನಾ ಹೋಗ್ಲಿ ಅಂತ ಬೆಲ್ಲ ಹಾಕೀದಿ. ನನ್ನ ಹರಕಿ ಮುರದಿ."

ನನ್ನ ಮೈ ಉರಿಯಿತು. ಬಟ್ಟಲು ಕಸಿದುಕೊಂಡು ನಾನೇ ಕುಡಿದೆ. ಸೀ. ಖರೇ ಸೀ. ಬೆಲ್ಲದ ಹಾಗೆ ನಾಲಿಗೆಗೆ ಬಂದು ಬಡಿಯುವ ಸೀ ಅಲ್ಲ, ಮೆಲ್ಲಗೆ ಬಂದು ಹಿಂದೆ ಉಳಿಯುವ ಸೀ. ನನಗೆ ತಲೆಬುಡ ತಿಳಿಯಲಿಲ್ಲ. ನಾನು ಹಾಕಿಲ್ಲ ಎಂದು ನನಗೆ ಗೊತ್ತು. ಅವಳು ಹಾಕಿಕೊಳ್ಳುವವಳಲ್ಲ. ಉಳಿದವನು ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ದೇವಿಂದ್ರ ಒಬ್ಬನೇ. ಅವನ ಮೇಲೆ ಹಾರಿದೆ.

"ತಂಗಿನ ಕರಕೊಂಡು ಹೋಗಾಕ ಇಂಥಾ ಕೆಲಸಕ್ಕ ಇಳದಿ ಏನು?"

ಪಾಪ, ಅವನು ಬೀಡಿ ಬಿಸಾಕಿ ತನ್ನ ಸೊಂಟದಲ್ಲಿದ್ದ ಭಂಡಾರದ ಚೀಲ ಮುಟ್ಟಿದ. "ಬೀರಪ್ಪನ ಆಣಿ, ಅತ್ತಿ. ನಿಮ್ಮ ಬೆಲ್ಲದ ಗಡಿಗಿ ಎಲ್ಲಿ ಇಡ್ತೀರಿ ಅನ್ನೂದೂ ನನಗ ಗೊತ್ತಿಲ್ರಿ."

ಮಲಕಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು. ಗಂಡ ಹೋದಾಗ ಅತ್ತಿರಲಿಲ್ಲ, ಬರದಿದ್ದಾಗಲೂ ಅತ್ತಿರಲಿಲ್ಲ. ಒಂದು ಗುಟುಕು ಅಂಬಲಿಗೆ ಅಳುತ್ತಿದ್ದಳು. "ಇನ್ನ ಅವ ಬರಂಗಿಲ್ಲ," ಎಂದಳು. ಆ ಮಾತು ನನಗೆ ಚುಚ್ಚಿತು. ನನ್ನ ಮಗ ಬರುವುದು ಬಿಡುವುದು ಒಂದು ಗಡಿಗೆಯಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿತೇ?

"ಏಳು. ನನ್ನ ಕಣ್ಣ ಮುಂದ ಇನ್ನೊಮ್ಮಿ ಮಾಡು. ಬೆಲ್ಲ ಯಾರು ಹಾಕ್ತಾರ ನಾನೂ ನೋಡ್ತೀನಿ," ಎಂದೆ.

ನನ್ನ ಬೆಲ್ಲದ ಗಡಿಗೆಯನ್ನು ನಾನೇ ಹೊತ್ತುಕೊಂಡು ಹೋಗಿ ಹಂಪಣ್ಣನ ಅಂಗಡಿಯಲ್ಲಿ ಇಟ್ಟೆ. ಯಾಕೆ ಎಂದು ಕೇಳಿದ. ಪಂಚಾಯ್ತಿ ನಡೆದಿದೆ ಎಂದೆ. ದೇವಿಂದ್ರನನ್ನು ಅಂಗಳ ದಾಟಿ ಒಳಗೆ ಬರಬೇಡ ಎಂದು ಹೊರಗೆ ಕೂರಿಸಿದೆ. ಗಡಿಗೆಯನ್ನು ಬೂದಿ ಹಾಕಿ ತಿಕ್ಕಿದೆವು. ಮಲಕಮ್ಮ ಹಿಟ್ಟು ಕಲಸಿದಳು, ನಾನು ಅವಳ ಕೈ ನೋಡುತ್ತ ಕೂತೆ. ಅವಳು ನನ್ನ ಕೈ ನೋಡುತ್ತ ಕೂತಳು. ಮತ್ತೆ ಅದೇ ಬಿಸಿ ನೀರು, ಅದೇ ಆರುವ ಒಲೆ. ಈ ಸಲ ಯಾರೂ ಎದ್ದು ನೀರಿಗೆ ಹೋಗಲಿಲ್ಲ. ಅತ್ತೆ ಸೊಸೆ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ಕೂತದ್ದು ಅದೇ ಮೊದಲು.

ಕಣ್ಣ ಮುಂದೆಯೇ ಅಂಬಲಿ ತೆಳ್ಳಗಾಯಿತು. ನಾನು ಬೆರಳು ಅದ್ದಿ ನೆಕ್ಕಿದೆ. ಸೀ.

ಅಷ್ಟರಲ್ಲಿ ಹಂಪಣ್ಣ ಬಂದ. ಇನ್ನೊಬ್ಬರ ಮನೆಯ ಪಂಚಾಯ್ತಿ ಬಿಟ್ಟು ಅಂಗಡಿಯಲ್ಲಿ ಕೂರುವ ಮನುಷ್ಯ ಅವನಲ್ಲ. ಅವನ ಹಿಂದೆ, ಅಂಗಡಿಗೆ ಎಣ್ಣೆ ಒಯ್ಯಲು ಬಂದಿದ್ದ ಧಾರವಾಡದ ಮಾಸ್ತರರೂ ಇದ್ದರು. ಹಂಪಣ್ಣ ಒಂದು ಚಮಚೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಬೆಲ್ಲ ಅಲ್ಲ. ನನ್ನ ಅಂಗಡಿದು ಅಂತೂ ಅಲ್ಲ," ಎಂದ. ಆಮೇಲೆ ಹೆದರಿ ದನಿ ತಗ್ಗಿಸಿದ. "ರೇಶನ್ನಿನ ಕಂಟ್ರೋಲ್ ಸಕ್ಕರಿ ಕದ್ದು ಎಲ್ಲಿಂದರ ತಂದೀರೇನು?"

ಮಾಸ್ತರು ಹಿಟ್ಟು ನೋಡಿದರು, ಮಾಳಿಗೆಯ ಮೇಲೆ ಉಳಿದ ಮೊಳಕೆ ಕಾಳು ನೋಡಿದರು, ಅದು ಹಗೇವಿನದು ಎಂದು ಕೇಳಿ ತಿಳಿದು ನಕ್ಕರು.

"ಇದು ಮಾಲ್ಟ್ ಸಕ್ಕರಿ, ಅವ್ವಾ."

"ಯಾರ ಮಾಲ್ರಿ?" ಎಂದೆ. ನಮಗೆ ಮಾಲು ಎಂದರೆ ಸಾಮಾನು. ಕಳ್ಳ ಮಾಲು, ಸರ್ಕಾರಿ ಮಾಲು, ಎರಡೂ ಕೇಳಿದ್ದೇವೆ. ನಮ್ಮ ಹಗೇವಿನೊಳಗೆ ಯಾರದೋ ಮಾಲು ಬಂತೇ ಎಂದು ನನಗೆ ಗಾಬರಿ.

"ಯಾರ ಮಾಲೂ ಅಲ್ಲ. ಮಾಲ್ಟು. ಕಾಳು ಮೊಳಕಿ ಒಡಿಯೂ ಮುಂದ ಅದರ ಹಿಟ್ಟು ಸಕ್ಕರಿ ಆಗಾಕ ಶುರು ಆಗ್ತದ. ಹುಟ್ಟೂ ಸಸಿಗೆ ಊಟ ಬೇಕಲ್ಲ, ತನ್ನ ಬುತ್ತಿ ತಾನ ಕಟ್ಟಿಕೋತದ. ಆ ಹಿಟ್ಟನ್ನ ಬೆಚ್ಚಗ ನೀರಾಗ ಇಟ್ರ ಉಳದದ್ದೂ ಕರಗಿ ಸೀ ಆಗ್ತದ. ಮುಂಬೈದಾಗ ಇದನ್ನ ಕಾಸಿ ಜೇನಿನಂಗ ಪಾಕ ಮಾಡ್ತಾರ. ಕೂಸಿನ ಪುಡಿಗೆ, ಬಿಸ್ಕೀಟಿಗೆ, ಪೆಪ್ಪರಮೆಂಟಿಗೆ ಹಾಕ್ತಾರ. ಬೆಲ್ಲಕ್ಕಿಂತ ಸೀ ಕಡಿಮಿ, ಹೊಟ್ಟಿಗೆ ಹಗುರ."

ಸಕ್ಕರೆ ಎಂಬ ಮಾತು ಬಿದ್ದದ್ದೇ ತಡ, ಮಲಕಮ್ಮನ ಮುಖ ಬಿಳಿಚಿತು. ಹಂಪಣ್ಣ ತನ್ನ ವಕೀಲಿ ಶುರು ಮಾಡಿದ. ಅವಳು ಬಿಟ್ಟದ್ದು ಬೆಲ್ಲ, ಇದು ಜೋಳ, ಹಾಗಾಗಿ ಹರಕೆಗೆ ಏನೂ ಆಗಿಲ್ಲ ಎಂದ. ಅಂಗಳದಿಂದ ದೇವಿಂದ್ರ ಕೂಗಿದ, ಅವಳು ಬಿಟ್ಟದ್ದು ಸೀ, ಬೆಲ್ಲ ಅಲ್ಲ, ಹರಕೆ ಮುರಿದಿದೆ, ಇನ್ನು ಹತ್ತಿಕುಣಿಗೆ ನಡೆಯಲಿ ಎಂದು. ಜೋಳದ ರೊಟ್ಟಿ ಅಗಿದರೂ ಕೊನೆಗೆ ಸ್ವಲ್ಪ ಸೀ ಆಗುತ್ತದೆ, ಹಾಗಾದರೆ ಇಷ್ಟು ದಿನ ತಿಂದದ್ದೇನು ಎಂದು ಮಾಸ್ತರು ಇನ್ನೊಂದು ತೆಗೆದರು. ಎಲ್ಲರೂ ಸರಿ ಹೇಳುತ್ತಿದ್ದರು, ಒಬ್ಬರ ಮಾತೂ ಒಬ್ಬರದಕ್ಕೆ ಕೂಡುತ್ತಿರಲಿಲ್ಲ. ನನ್ನ ತಲೆ ಗಿರ್ರೆಂದಿತು.

ಮಲಕಮ್ಮ ಮಾಸ್ತರರನ್ನೇ ನೋಡುತ್ತಿದ್ದಳು.

"ಹಂಗಾರ ಈ ಸೀ ಯಾರೂ ಹಾಕಿಲ್ರಿ?"

"ಯಾರೂ ಹಾಕಿಲ್ಲ ತಂಗಿ," ಎಂದರು ಅವರು, ನಗುತ್ತಲೇ. "ಹಾಕ್ಯಾರ ಅನ್ನೂದಾದ್ರ, ಹಗೇದಾಗ ಕಾಳು ಹಾಕಿದವರ ಹಾಕಿದಂಗ."

ಆ ಮನುಷ್ಯನಿಗೆ ನಮ್ಮ ಮನೆಯ ಕಥೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಆಡಿ ಎಣ್ಣೆಯ ಡಬ್ಬಿ ಎತ್ತಿಕೊಂಡು ಹೊರಟರು. ಹಂಪಣ್ಣ ಮಾತ್ರ ಕೈಯಲ್ಲಿದ್ದ ಚಮಚೆ ಕೆಳಗಿಟ್ಟ. ಆ ಕಾಳು ಹಾಕಿದವನು ಯಾರೆಂದು ಅವನಿಗೆ ಗೊತ್ತಿತ್ತು.

ಮಲಕಮ್ಮ ಒಳಗೆ ಹೋದಳು. ಒಡೆದ ಹೆಂಟೆಗಳನ್ನು ತಂದು ಒಲೆಯ ಕಟ್ಟೆಯ ಮೇಲೆ ಒಂದಕ್ಕೊಂದು ಹೊಂದಿಸಿ ಇಟ್ಟಳು. ಅಂಗೈ, ಮೂರು ಬೆರಳು, ಸೊಟ್ಟ ಕಿರುಬೆರಳು. ಹೆಬ್ಬೆರಳು ಇರಲಿಲ್ಲ, ಅದು ಮಳೆಗೆ ಕರಗಿತ್ತು. ಅದರ ಮುಂದೆ ಬಟ್ಟಲು ಇಟ್ಟು ಅಂಬಲಿ ಹೊಯ್ದುಕೊಂಡಳು. ಈ ಸಲ ಉಗುಳಲಿಲ್ಲ. ಗುಟುಕು ಗುಟುಕಾಗಿ, ಬಟ್ಟಲು ಬರಿದಾಗುವವರೆಗೆ ಕುಡಿದಳು. ಕೊನೆಗೆ ಬೆರಳಿನಿಂದ ಬಳಿದು ನೆಕ್ಕಿದಳು.

"ಅತ್ತಿ, ಅವ ತನ್ನ ಕೈಲೆ ನನ್ನ ಬಾಯಿ ಸೀ ಮಾಡ್ಯಾನ," ಎಂದಳು. "ಆಡಿದ ಮಾತು ಉಳಿಸ್ಯಾನ."

"ಅಂದ್ರ? ಬರ್ತಾನಂತೋ, ಬರಂಗಿಲ್ಲಂತೋ?"

ಅವಳು ನನ್ನ ಮುಖ ನೋಡಿದಳು. "ಅದು ನನಗೂ ತಿಳಿವಲ್ದು ಅತ್ತಿ. ಹರಕಿ ಮಾತ್ರ ತೀರೇದ."

ನಾನು ಏನಾದರೂ ಅನ್ನಬೇಕಿತ್ತು. ಬೇಡ, ಇರು ಅನ್ನಬಹುದಿತ್ತು. ಆದರೆ ಕರೆದುಕೊಂಡು ಹೋಗು ಎಂದು ಅವಳ ಅಣ್ಣನಿಗೆ ಹೇಳಿದವಳು ನಾನೇ ಅಲ್ಲವೇ? ಹರಕೆ ತೀರಿತು ಎಂದರೆ ಅವಳು ಹೊರಟಳು ಎಂದೇ ಅರ್ಥ. ಅವಳು ಇರುವವರೆಗೆ ಅವನಿಗಾಗಿ ಕಾಯುವವರು ಒಬ್ಬರು ಇದ್ದರು. ನಾನು ಕಾಯದೆ, ಬೆಲ್ಲ ಕಡಿಯುತ್ತ, ಅವನು ಬಂದೇ ಬರುತ್ತಾನೆ ಎಂದು ಸೊಕ್ಕಿನಲ್ಲಿ ಇರಬಹುದಿತ್ತು. ಕಾಯುವ ಕೆಲಸ ಅವಳದಾಗಿತ್ತು.

ಮರುದಿನ ಮುಂಜಾನೆ ಇಬ್ಬರೂ ಹೊರಟರು. ಹಂಪಣ್ಣನ ಅಂಗಡಿಯಿಂದ ನನ್ನ ಬೆಲ್ಲದ ಗಡಿಗೆ ತಂದೆ. ಮಲಕಮ್ಮನ ಉಡಿಗೆ ತಳದ ಒಳ್ಳೆಯ ಜೋಳ ಹಾಕಿ, ಮೇಲೆ ಗಡಿಗೆಯಲ್ಲಿ ಇದ್ದಷ್ಟೂ ಬೆಲ್ಲ ಸುರಿದೆ. ಗಂಡ ಸತ್ತ ನನ್ನಂಥವಳು ಉಡಿ ತುಂಬಬಾರದು ಎಂದು ಓಣಿಯಲ್ಲಿ ಯಾರೋ ಗೊಣಗಿದರು. ಗೊಣಗಲಿ. ನಾನು ತುಂಬದೆ ಇನ್ನು ಯಾರು ತುಂಬಬೇಕು ಅವಳಿಗೆ? ಅವಳು ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈ ಇಟ್ಟೆ.

ದೇವಿಂದ್ರ ಒಳ್ಳೆಯವನು. ಹೊರಡುವ ಮುಂಚೆ ದೊಡ್ಡಿಯ ಕಡೆ ಕೈ ತೋರಿಸಿದ. "ಅತ್ತಿ, ಆ ಹಗೇವೂ ತೆಗದು ಕೊಟ್ಟು ಹೋಗ್ಲೇನ್ರಿ? ಆಮ್ಯಾಲ ನಿಮಗ ತ್ರಾಸ ಆಗ್ತದ."

"ಅದಕ್ಕ ಕೈ ಹಚ್ಚಬ್ಯಾಡ," ಎಂದೆ.

ಆ ದಿನ ಮಧ್ಯಾಹ್ನ ದೊಡ್ಡಿಗೆ ಹೋಗಿ ಚಪ್ಪರದ ಕೆಳಗಿನ ಕಸ ಸರಿಸಿ ನೋಡಿದೆ. ಇಲ್ಲಿ ಒಂದು ಹನಿ ನೀರೂ ಬಿದ್ದಿರಲಿಲ್ಲ. ಕೈ ಪೂರ್ತಿಯಾಗಿತ್ತು, ಹೆಬ್ಬೆರಳೂ ಇತ್ತು. ನನ್ನ ಕೈ ಅದರ ಮೇಲೆ ಇಟ್ಟು ನೋಡಿದೆ. ಅವನದು ದೊಡ್ಡದು. ಆಮೇಲೆ ಕಸ ಮುಚ್ಚಿ ಎದ್ದು ಬಂದೆ.

ವಾರದ ಮೇಲೆ ಅಂಗಡಿಗೆ ಹೋದರೆ ಹಂಪಣ್ಣ ನನ್ನನ್ನು ಕಂಡದ್ದೇ ಅಭ್ಯಾಸದಂತೆ ಬೆಲ್ಲದ ಪೆಂಟೆಗೆ ಕೈ ಹಾಕಿದ. ಹೊಸ ಬೆಲ್ಲ, ಮೆತ್ತಗೆ ಅದ, ನೋಡು ಎಂದು ಒಂದು ಚೂರು ಮುರಿದು ನನ್ನ ಕಡೆ ಚಾಚಿದ.

"ಬ್ಯಾಡ್ರಿ ಸಾವ್ಕಾರ," ಎಂದೆ.

ಅವನು ಕೈ ಚಾಚಿಕೊಂಡೇ ನಿಂತ. "ಯಾಕ ಶಂಕ್ರಮ್ಮ? ಬೆಲ್ಲ ಬಿಟ್ಟಿ ಏನು?"

"ಅವ ಬಂದು ಕೊಟ್ರ ತಿಂತೀನಿ. ಉಪ್ಪು ಕೊಡ್ರಿ."